ವೇಗದ ದೋಣಿಯ ಬೆನ್ನಿಗೆ ಯಾವ ಎಂಜಿನ್: ಟೂ-ಸ್ಟ್ರೋಕ್ ಸೋತದ್ದೆಲ್ಲಿ, ಫೋರ್-ಸ್ಟ್ರೋಕ್ ಗೆದ್ದದ್ದು ಹೇಗೆ

2020ರ ಮೇ ತಿಂಗಳಿನಲ್ಲಿ ಕೆನಡಾದ ಬಿಆರ್‌ಪಿ ಕಂಪನಿ ದೋಣಿಯ ಹಿಂಬದಿಗೆ ಹೊರಗಡೆ ನೇತುಹಾಕುವ ಎವಿನ್‌ರೂಡ್ ಔಟ್‌ಬೋರ್ಡ್ ಎಂಜಿನ್‌ಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಓಲೆ ಎವಿನ್‌ರೂಡ್ 1909ರಲ್ಲಿ ಮಾರಲು ಆರಂಭಿಸಿದ ಎಂಜಿನ್‌ಗಳ ಹೆಸರು ಅಲ್ಲಿಗೆ ಕೊನೆಯಾಯಿತು. ಅದಕ್ಕೂ ಸ್ವಲ್ಪ ಮೊದಲೇ ಮರ್ಕ್ಯುರಿ ಕಂಪನಿ ತನ್ನ ಆಪ್ಟಿಮ್ಯಾಕ್ಸ್ ಎಂಬ ಟೂ-ಸ್ಟ್ರೋಕ್ ಸರಣಿಯನ್ನು ಬದಿಗೆ ಸರಿಸಿತ್ತು. ವೇಗದ ದೋಣಿಗಳ ಲೋಕದಲ್ಲಿ ನಾಲ್ಕೈದು ದಶಕ ಮೆರೆದ ದೊಡ್ಡ ಶಕ್ತಿಯ ಟೂ-ಸ್ಟ್ರೋಕ್ ಎಂಜಿನ್ ಅಮೆರಿಕ ಮತ್ತು ಯುರೋಪಿನ ಮಳಿಗೆಗಳಿಂದ ಹೀಗೆ ಮರೆಯಾಯಿತು. ಆದರೆ ಅದರ ಸುತ್ತಲಿನ ವಾದ ಇನ್ನೂ ಮುಗಿದಿಲ್ಲ. ಹಳೆಯ ದೋಣಿಗೆ ಹೊಸ ಎಂಜಿನ್ ಕೂರಿಸಲು ಹೊರಟವರೆಲ್ಲ ಇಂದಿಗೂ ಅದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ.

ಈ ವಾದದಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಟೂ-ಸ್ಟ್ರೋಕ್ ಅನ್ನು ಕೊಂದದ್ದು ಕಾನೂನು ಎಂಬುದು ಒಂದು, ಫೋರ್-ಸ್ಟ್ರೋಕ್ ಯಾವತ್ತಿದ್ದರೂ ಭಾರ, ನಿಧಾನ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಷ್ಟೇ ಇದೆ. ಫೋರ್-ಸ್ಟ್ರೋಕ್ ಗೆದ್ದದ್ದು ಟೂ-ಸ್ಟ್ರೋಕ್‌ನ ಗುಣಗಳನ್ನು ಕಲಿತು ಅಲ್ಲ, ಗಾತ್ರವನ್ನು ಹಿಗ್ಗಿಸಿಕೊಂಡು. ಹಳೆಯ ದೋಣಿಗೆ ಹೊಸ ಎಂಜಿನ್ ಹಾಕುವವರು ಇದನ್ನು ಮನಗಾಣದೆ ಹೋದರೆ ದುಡ್ಡು ಸುರಿದೂ ಕೆಟ್ಟ ದೋಣಿಯನ್ನು ಪಡೆಯುತ್ತಾರೆ.

ಟೂ-ಸ್ಟ್ರೋಕ್‌ನಲ್ಲಿ, ಪಿಸ್ಟನ್‌ನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್‌ನ ಪ್ರತಿ ಸುತ್ತಿಗೂ ಒಂದು ಸ್ಫೋಟ ನಡೆಯುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು. ಹಾಗಾದರೆ ಅದೇ ಗಾತ್ರದ ಟೂ-ಸ್ಟ್ರೋಕ್ ಎರಡು ಪಟ್ಟು ಶಕ್ತಿ ಕೊಡಬೇಕಲ್ಲವೇ? ಕೊಡುವುದಿಲ್ಲ. ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಅದರ ಬೆನ್ನಿಗೇ ಹೊಸ ಮಿಶ್ರಣ ಒಳಬರುವ ಕಿಂಡಿಗಳು ತೆರೆಯುತ್ತವೆ. ಒಂದಷ್ಟು ಹೊತ್ತು ಎರಡೂ ತೆರೆದೇ ಇರುತ್ತವೆ. ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್ ಎಂಬ ಪೆಟ್ಟಿಗೆಯಲ್ಲಿ ಒತ್ತಡಕ್ಕೆ ಸಿಕ್ಕಿದ ಗಾಳಿ, ಪೆಟ್ರೋಲ್, ಎಣ್ಣೆಗಳ ಮಿಶ್ರಣ ನುಗ್ಗಿ ಬಂದು ಸುಟ್ಟ ಹೊಗೆಯನ್ನು ಹೊರಗೆ ತಳ್ಳಬೇಕು. ಹಾಗೆ ತಳ್ಳುವ ಭರದಲ್ಲಿ ಅದರ ಒಂದು ಪಾಲು ತಾನೂ ಉರಿಯದೆ ಹೊರಗೆ ಓಡಿಹೋಗುತ್ತದೆ, ಸುಟ್ಟ ಹೊಗೆಯ ಒಂದು ಪಾಲು ಒಳಗೇ ಉಳಿಯುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಔಟ್‌ಬೋರ್ಡ್‌ಗಳು ಕುಡಿದ ಇಂಧನದಲ್ಲಿ ಶೇ 25ರಿಂದ 30ರವರೆಗೆ ಉರಿಯದೆಯೇ ನೀರಿಗೆ ಸೇರುತ್ತದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ನಾಲ್ಕು ಲೀಟರ್ ಪೆಟ್ರೋಲ್ ಹಾಕಿದರೆ ಸುಮಾರು ಒಂದು ಲೀಟರ್ ಕೆಲಸವನ್ನೇ ಮಾಡದೆ ಕೆರೆಗೋ ಕಡಲಿಗೋ ಹೋಗುತ್ತದೆ ಎಂದರೆ, ಅದನ್ನು ಎಷ್ಟೇ ಪ್ರೀತಿಯಿಂದ ನೋಡಿದರೂ ಸಮರ್ಥಿಸಿಕೊಳ್ಳುವುದು ಸಾಧ್ಯವಿಲ್ಲ.

1996ರಲ್ಲಿ ಆ ಸಂಸ್ಥೆ ಔಟ್‌ಬೋರ್ಡ್‌ಗಳ ಹೈಡ್ರೋಕಾರ್ಬನ್ ಹೊಗೆಯನ್ನು 1998ರಿಂದ 2006ರ ನಡುವೆ ಹಂತ ಹಂತವಾಗಿ ಶೇ 75ರಷ್ಟು ತಗ್ಗಿಸಬೇಕೆಂಬ ನಿಯಮ ತಂದಿತು. ಕ್ಯಾಲಿಫೋರ್ನಿಯಾ ಇನ್ನೂ ಬಿಗಿಯಾದ ಮಿತಿ ಹಾಕಿತು. ಯುರೋಪ್ 2003ರಲ್ಲಿ ತನ್ನ ನಿರ್ದೇಶನವನ್ನು ತಿದ್ದಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ನಿಯಮಗಳು ಟೂ-ಸ್ಟ್ರೋಕ್ ಎಂಬ ವಿನ್ಯಾಸವನ್ನು ನಿಷೇಧಿಸಲಿಲ್ಲ, ಹೊಗೆಗೆ ಮಿತಿ ಹಾಕಿದವು. ಆ ಮಿತಿಯೊಳಗೆ ಬರುವ ದಾರಿಯನ್ನು ಎಂಜಿನಿಯರ್‌ಗಳು ಕಂಡುಕೊಂಡರು ಕೂಡ. ಕ್ರ್ಯಾಂಕ್‌ಕೇಸ್ ಮೂಲಕ ಬರಿಯ ಗಾಳಿಯನ್ನು ಕಳಿಸುವುದು, ಹೊಗೆಯ ಕಿಂಡಿ ಮುಚ್ಚಿಕೊಳ್ಳುವ ಹೊತ್ತಿಗೆ ಇಂಧನವನ್ನು ನೇರವಾಗಿ ಸಿಲಿಂಡರ್‌ಗೆ ಸಿಂಪಡಿಸುವುದು. ಆಗ ಹೊರಗೆ ಓಡಿಹೋಗುವುದು ಗಾಳಿ ಮಾತ್ರ. ಮರ್ಕ್ಯುರಿಯ ಆಪ್ಟಿಮ್ಯಾಕ್ಸ್ ಇದನ್ನು ಆಸ್ಟ್ರೇಲಿಯಾದ ಆರ್ಬಿಟಲ್ ಸಂಸ್ಥೆಯ ತಂತ್ರಜ್ಞಾನದಿಂದ, ಒತ್ತಿದ ಗಾಳಿಯ ನೆರವಿನೊಂದಿಗೆ ಸಾಧಿಸಿತು. ಎವಿನ್‌ರೂಡ್‌ನ ಆಗಿನ ಒಡೆಯರಾದ ಒಎಂಸಿ ಕಂಪನಿ ಫಿಖ್ಟ್ ಎಂಬ ಜರ್ಮನ್ ವ್ಯವಸ್ಥೆಯನ್ನು ಅಳವಡಿಸಿತು. ಮೊದಮೊದಲ ಫಿಖ್ಟ್ ಎಂಜಿನ್‌ಗಳು ಕೈಕೊಟ್ಟವು, ವಾರಂಟಿಯ ಹೊರೆ ಬೆಳೆಯಿತು, 2000ದ ಡಿಸೆಂಬರ್‌ನಲ್ಲಿ ಒಎಂಸಿ ದಿವಾಳಿ ಅರ್ಜಿ ಹಾಕಿತು. ಆ ಒಂದು ಪ್ರಕರಣ ನೇರ ಸಿಂಪಡಣೆಯ ಟೂ-ಸ್ಟ್ರೋಕ್ ಮೇಲೆ ಜನರಿಗಿದ್ದ ನಂಬಿಕೆಯನ್ನು ಅಲುಗಿಸಿಬಿಟ್ಟಿತು. ಎವಿನ್‌ರೂಡ್ ಅನ್ನು ಕೊಂಡ ಬೊಂಬಾರ್ಡಿಯರ್ (ಮುಂದೆ ಬಿಆರ್‌ಪಿ) ಕೈಯಲ್ಲಿ ಬಂದ ಇ-ಟೆಕ್ ನಿಜಕ್ಕೂ ಒಳ್ಳೆಯ ಎಂಜಿನ್ ಆಗಿತ್ತು. 2014ರ ಜಿ2 ಸರಣಿಯ ಹೊಗೆಯ ಅಂಕಿಗಳು ಎಷ್ಟೋ ಫೋರ್-ಸ್ಟ್ರೋಕ್‌ಗಳಿಗೆ ಸರಿಸಮನಾಗಿದ್ದವು. ಆದರೂ ಕೊಳ್ಳುವವರು ಅಷ್ಟರಲ್ಲಿ ಬೇರೆ ಕಡೆ ಮುಖ ಮಾಡಿದ್ದರು. ಟೂ-ಸ್ಟ್ರೋಕ್ ಸೋತದ್ದು ಪ್ರಯೋಗಾಲಯದಲ್ಲಿ ಅಲ್ಲ, ಮಾರುಕಟ್ಟೆಯಲ್ಲಿ ಎಂದು ನಾನು ಹೇಳುವುದು ಇದಕ್ಕೇ.

ಇತ್ತ ಫೋರ್-ಸ್ಟ್ರೋಕ್‌ನ ಹಾದಿಯೂ ಸಲೀಸಾಗಿರಲಿಲ್ಲ. ಹೋಂಡಾ 1964ರಿಂದಲೇ ಫೋರ್-ಸ್ಟ್ರೋಕ್ ಔಟ್‌ಬೋರ್ಡ್ ಮಾಡುತ್ತಿತ್ತಾದರೂ ವೇಗದ ದೋಣಿಯವರು ಅವನ್ನು ಕಣ್ಣೆತ್ತಿ ನೋಡಿದ್ದು 2000ದ ನಂತರ, 225 ಅಶ್ವಶಕ್ತಿಯ ವಿ6 (ವಿ ಆಕಾರದಲ್ಲಿ ಆರು ಸಿಲಿಂಡರ್) ಎಂಜಿನ್‌ಗಳು ಬಂದಾಗ. ಅವು ಸದ್ದಿಲ್ಲದೆ ಓಡಿದವು, ಕಡಿಮೆ ಕುಡಿದವು. ಆದರೆ ಭಾರವಾಗಿದ್ದವು, ನಿಂತಲ್ಲಿಂದ ಏಳುವಾಗ ತಡವರಿಸುತ್ತಿದ್ದವು. 2004ರಲ್ಲಿ ಮರ್ಕ್ಯುರಿ ಬೇರೆ ದಾರಿ ಹಿಡಿಯಿತು. ವೆರಾಡೊ ಎಂಬ 2.6 ಲೀಟರ್‌ನ ಆರು ಸಿಲಿಂಡರ್ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿತು. ಅದೇ ಬುಡದಿಂದ 2015ರಲ್ಲಿ 400 ಅಶ್ವಶಕ್ತಿಯ 400ಆರ್ ಹುಟ್ಟಿತು, ಅಂದರೆ ಲೀಟರ್‌ಗೆ ಸುಮಾರು 154 ಅಶ್ವಶಕ್ತಿ. ಬೆರಗುಗೊಳಿಸುವ ಸಾಧನೆ ಅದು. ಆದರೆ ವೆರಾಡೊದ ತೂಕ 290 ಕೆ.ಜಿ. ಆಸುಪಾಸಿನಲ್ಲಿತ್ತು. ಹಗುರ ದೋಣಿಯವರಿಗೆ ಅದು ಒಗ್ಗಲಿಲ್ಲ.

ನಿಜವಾದ ತಿರುವು ಬಂದದ್ದು 2018ರಲ್ಲಿ. ಮರ್ಕ್ಯುರಿ 3.4 ಲೀಟರ್ ವಿ6 ಮತ್ತು 4.6 ಲೀಟರ್ ವಿ8 ಎಂಜಿನ್‌ಗಳನ್ನು ಸೂಪರ್‌ಚಾರ್ಜರ್ ಇಲ್ಲದೆಯೇ ತಂದಿತು. 250 ಅಶ್ವಶಕ್ತಿಯ ವಿ8 ಪ್ರೊ ಎಕ್ಸ್‌ಎಸ್‌ನ ತೂಕ ಸುಮಾರು 229 ಕೆ.ಜಿ. ಅದು ತೆರವು ಮಾಡಿಸಿದ 3 ಲೀಟರ್ ಆಪ್ಟಿಮ್ಯಾಕ್ಸ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತಿತ್ತು. ಸಿಲಿಂಡರ್‌ಗಳ ಒಟ್ಟು ಗಾತ್ರ ಒಂದೂವರೆ ಪಟ್ಟು, ತೂಕ ಮಾತ್ರ ಅದೇ! ಇದನ್ನು ಅರ್ಥ ಮಾಡಿಕೊಂಡರೆ ಇಡೀ ಬದಲಾವಣೆ ಅರ್ಥವಾಗುತ್ತದೆ. ಎರಡು ಸುತ್ತಿಗೊಮ್ಮೆ ಸ್ಫೋಟವಾಗುವ ಎಂಜಿನ್, ಪ್ರತಿ ಸ್ಫೋಟಕ್ಕೂ ಹೆಚ್ಚು ಗಾಳಿ ತುಂಬಿಕೊಳ್ಳುವ ಮೂಲಕ ಕೊರತೆಯನ್ನು ನೀಗಿಸಿಕೊಂಡಿತು. ಯಮಹಾ ಅದಾಗಲೇ ತನ್ನ 4.2 ಲೀಟರ್ ವಿ6 ಎಂಜಿನ್‌ಗಳೊಂದಿಗೆ ಇದೇ ದಾರಿಯಲ್ಲಿತ್ತು. ಆಮೇಲೆ ಈ ಓಟಕ್ಕೆ ತಡೆಯೇ ಇರಲಿಲ್ಲ. 2018ರಲ್ಲಿ ಯಮಹಾದ 5.6 ಲೀಟರ್‌ನ 425 ಅಶ್ವಶಕ್ತಿ, 2019ರಲ್ಲಿ ಮರ್ಕ್ಯುರಿ ರೇಸಿಂಗ್‌ನ 450ಆರ್, 2021ರಲ್ಲಿ 7.6 ಲೀಟರ್ ವಿ12, 600 ಅಶ್ವಶಕ್ತಿ. ಕೊನೆಯದರ ತೂಕ 570 ಕೆ.ಜಿ. ದಾಟುತ್ತದೆ; ಅದು ದೊಡ್ಡ ಕಡಲ ದೋಣಿಗಳ ಸರಕು.

ಈಗ ತೂಕದ ವಿಷಯಕ್ಕೆ ಬರೋಣ. ನೀರಿನ ಮೇಲೆ ಎದ್ದು ಜಾರುವ ದೋಣಿಯ ಗರಿಷ್ಠ ವೇಗವನ್ನು ಅಂದಾಜಿಸಲು ವಿನ್ಯಾಸಕಾರರು ಬಹುಕಾಲದಿಂದ ಬಳಸುವ ಕ್ರೌಚ್ ಸೂತ್ರವಿದೆ. ಅದರ ಪ್ರಕಾರ ವೇಗ ಬೆಳೆಯುವುದು ಶಕ್ತಿಯನ್ನು ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ. ಎಂಜಿನ್, ಇಂಧನ, ಜನ ಎಲ್ಲ ಸೇರಿ 1000 ಕೆ.ಜಿ. ತೂಗುವ ದೋಣಿಯೊಂದು ಗಂಟೆಗೆ 110 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಅದೇ ಶಕ್ತಿಯ, ಆದರೆ 25 ಕೆ.ಜಿ. ಹೆಚ್ಚು ತೂಕದ ಎಂಜಿನ್ ಹಾಕಿದರೆ ವೇಗ ಕುಸಿಯುವುದು ಶೇ 1.2ರಷ್ಟು, ಒಂದೂವರೆ ಕಿ.ಮೀ.ಗಿಂತಲೂ ಕಡಿಮೆ. 200 ಅಶ್ವಶಕ್ತಿಯ ಎಂಜಿನ್ ಆಗಿದ್ದರೆ ಐದು ಅಶ್ವಶಕ್ತಿ ಹೆಚ್ಚಿದರೆ ಆ ನಷ್ಟ ತುಂಬಿಹೋಗುತ್ತದೆ. ಕವಚದ ಮೇಲೆ ಬರೆದ ಸಂಖ್ಯೆಗೂ ನಿಜವಾದ ಶಕ್ತಿಗೂ ನಡುವೆ ಶೇ 10ರವರೆಗೆ ಹೆಚ್ಚುಕಡಿಮೆಗೆ ಈ ಉದ್ಯಮದ ಮಾನದಂಡಗಳೇ ಅವಕಾಶ ಕೊಡುತ್ತವೆ. 1980ರ ದಶಕದ ಮಧ್ಯದವರೆಗೆ ಶಕ್ತಿಯನ್ನು ಅಳೆಯುತ್ತಿದ್ದದ್ದೂ ಕ್ರ್ಯಾಂಕ್‌ಶಾಫ್ಟ್‌ನಲ್ಲಿ, ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಅಲ್ಲ. ಆ ಕಾಲದ 150ಕ್ಕೂ ಇಂದಿನ 150ಕ್ಕೂ ಹೋಲಿಕೆ ನೇರವಲ್ಲ.

ಹಾಗಾದರೆ ತೂಕ ಲೆಕ್ಕಕ್ಕಿಲ್ಲವೇ? ಇದೆ, ಆದರೆ ಅದು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ಔಟ್‌ಬೋರ್ಡ್ ನೇತಾಡುವುದು ದೋಣಿಯ ಕಟ್ಟಕಡೆಯಲ್ಲಿ, ಹಿಂಬದಿಯ ಹಲಗೆಯ ಆಚೆ. ದೋಣಿಯ ಗುರುತ್ವಕೇಂದ್ರ ಅಲ್ಲಿಂದ ಎರಡು ಮೀಟರ್ ಮುಂದಿದ್ದರೆ, 25 ಕೆ.ಜಿ. ಹೆಚ್ಚುವರಿ ತೂಕ ಆ ಎರಡು ಮೀಟರ್ ಉದ್ದದ ಸನ್ನೆಯ ತುದಿಯಲ್ಲಿ ಕುಳಿತು ಮೂತಿಯನ್ನು ಮೇಲೆತ್ತುತ್ತದೆ. ನಿಂತಾಗ ಹಿಂಭಾಗ ನೀರಿಗೆ ಇನ್ನಷ್ಟು ಇಳಿಯುತ್ತದೆ. ಏಳುವಾಗ ಮೂತಿ ಆಕಾಶ ನೋಡುತ್ತದೆ, ಚಾಲಕನಿಗೆ ಮುಂದಿನ ನೀರು ಕಾಣುವುದಿಲ್ಲ. ಓಟ ಹಿಡಿದ ಮೇಲೆ ಮೂತಿ ಒಂದೇ ಸಮನೆ ಏಳುತ್ತ ಬೀಳುತ್ತ ಕುಪ್ಪಳಿಸಲು ತೊಡಗಬಹುದು. ಹಗುರವಾದ, ಆಳವಾದ ವಿ ತಳದ ದೋಣಿಗಳಲ್ಲಿ ಗರಿಷ್ಠ ವೇಗದ ಹತ್ತಿರ ಎಡಕ್ಕೂ ಬಲಕ್ಕೂ ಹೊಯ್ದಾಡುವ ಅಪಾಯವೂ ಹೆಚ್ಚುತ್ತದೆ.

ಇದಕ್ಕೆ ಪರಿಹಾರವಿದೆ, ಅದು ದುಬಾರಿಯೂ ಅಲ್ಲ. ಹಿಂಭಾಗದಲ್ಲಿರುವ 25 ಕೆ.ಜಿ.ಯ ಬ್ಯಾಟರಿಯನ್ನು ಎರಡು ಮೀಟರ್ ಮುಂದಕ್ಕೆ ಸಾಗಿಸಿದರೆ ಹೆಚ್ಚುವರಿ ತೂಕದಿಂದ ದೋಣಿ ಹಿಂದಕ್ಕೆ ವಾಲಿದ್ದು ಸರಿದೂಗುತ್ತದೆ. ಕೇಬಲ್ ಉದ್ದವಾಗುತ್ತದೆ, ಆದ್ದರಿಂದ ದಪ್ಪನೆಯ ತಂತಿ ಬೇಕು. ಇಂಧನ ಟ್ಯಾಂಕ್ ಹಿಂದಿದ್ದರೆ ಅದನ್ನೂ ನೋಡಬೇಕು. ಬೇಸರದ ಸಂಗತಿಯೆಂದರೆ, ಲಕ್ಷಗಟ್ಟಲೆ ಬೆಲೆಯ ಎಂಜಿನ್ ಕೊಳ್ಳುವವರು ಈ ಒಂದು ದಿನದ ಕೆಲಸವನ್ನು ಮಾಡದೆ, ದೋಣಿ ಹಾಳಾಯಿತೆಂದು ಎಂಜಿನ್ ಅನ್ನು ಬೈಯುತ್ತಾರೆ.

ಪ್ರೊಪೆಲ್ಲರ್ ವಿಷಯದಲ್ಲೂ ಇದೇ ಕಥೆ. ಹಳೆಯ ಎಂಜಿನ್‌ನ ಪ್ರೊಪೆಲ್ಲರ್ ಅನ್ನು ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದರೆ ಆಯಿತೆಂದು ತಿಳಿಯುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ, ಗೇರ್ ಅನುಪಾತ 1.75, ಪ್ರೊಪೆಲ್ಲರ್‌ನ ಪಿಚ್, ಅಂದರೆ ಅದು ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ, 26 ಇಂಚು. ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 3430 ಸಲ ತಿರುಗುತ್ತದೆ, ಪ್ರತಿ ಸುತ್ತಿಗೆ 66 ಸೆಂ.ಮೀ. ಮುಂದೆ ಸಾಗಲು ಹವಣಿಸುತ್ತದೆ. ಗಂಟೆಗೆ 136 ಕಿ.ಮೀ. ಆಯಿತು. ನೀರಿನಲ್ಲಿ ಶೇ 10ರಷ್ಟು ಜಾರಿಕೆ ಕಳೆದರೆ 122. ಹೊಸ ಎಂಜಿನ್‌ನ ಗೇರ್ ಅನುಪಾತ 1.85 ಆಗಿದ್ದರೆ, ಅದೇ ಸುತ್ತಿಗೆ ಅದೇ ವೇಗ ಸಿಗಲು 27.5 ಇಂಚಿನ ಪಿಚ್ ಬೇಕು. ಹಳೆಯ ಪ್ರೊಪೆಲ್ಲರ್ ಇಟ್ಟುಕೊಂಡರೆ ಆ ವೇಗ ಮುಟ್ಟುವ ಮೊದಲೇ ಎಂಜಿನ್ ತನ್ನ ಸುತ್ತಿನ ಮಿತಿಗೆ ಬಡಿಯುತ್ತದೆ. ಪಿಚ್ ಒಂದು ಇಂಚು ಬದಲಾದರೆ ಸುತ್ತು 150ರಿಂದ 200ರಷ್ಟು ಬದಲಾಗುತ್ತದೆ ಎಂಬುದು ಎಲ್ಲರೂ ಬಳಸುವ ಅಳತೆ. ಎರಡು ಮೂರು ಪ್ರೊಪೆಲ್ಲರ್‌ಗಳನ್ನು ಎರವಲು ತಂದು ಓಡಿಸಿ ನೋಡದೆ ಹೊಸ ಎಂಜಿನ್ ಬಗ್ಗೆ ತೀರ್ಪು ಕೊಡಬಾರದು.

ಎಂಜಿನ್‌ನ ಎತ್ತರವೂ ಹಾಗೆಯೇ. ವೇಗದ ದೋಣಿಯಲ್ಲಿ ಗೇರ್ ಪೆಟ್ಟಿಗೆ ನೀರಿನಲ್ಲಿ ಎಷ್ಟು ಕಡಿಮೆ ಮುಳುಗುತ್ತದೋ ಅಷ್ಟು ಎಳೆತ ಕಡಿಮೆ. ಸಾಮಾನ್ಯವಾಗಿ ಬೋಲ್ಟ್ ರಂಧ್ರಗಳು ಸುಮಾರು 19 ಮಿ.ಮೀ. ಅಂತರದಲ್ಲಿರುತ್ತವೆ, ಒಂದೊಂದೇ ರಂಧ್ರ ಏರಿಸುತ್ತ, ತಂಪುಗೊಳಿಸುವ ನೀರಿನ ಒತ್ತಡದ ಮಾಪಕದ ಮೇಲೆ ಕಣ್ಣಿಟ್ಟು ನೋಡಬೇಕು. ಒತ್ತಡ ಕುಸಿದರೆ ಮತ್ತೆ ಇಳಿಸಬೇಕು. ಈ ಮಾಪಕವಿಲ್ಲದೆ ಎತ್ತರದ ಆಟ ಆಡುವುದು ಎಂಜಿನ್ ಸುಡುವ ನೇರ ದಾರಿ, ಅದು ಟೂ-ಸ್ಟ್ರೋಕ್ ಆಗಿರಲಿ ಫೋರ್-ಸ್ಟ್ರೋಕ್ ಆಗಿರಲಿ.

ನಿಂತಲ್ಲಿಂದ ಚಿಮ್ಮುವ ಗುಣದಲ್ಲಿ ಟೂ-ಸ್ಟ್ರೋಕ್‌ಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಪ್ರತಿ ಸುತ್ತಿಗೂ ಸ್ಫೋಟ, ತಿರುಗುವ ಭಾಗಗಳು ಕಡಿಮೆ, ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ಎಳೆದಾಡುವ ಕೆಲಸವಿಲ್ಲ. ಥ್ರಾಟಲ್ ತಳ್ಳಿದ ಕೂಡಲೇ ಸುತ್ತು ಏರುತ್ತದೆ. ಆದರೆ ಅದರ ಬಲ ಹರಡಿಕೊಂಡಿರುವ ರೀತಿ ಬೇರೆ. ಹೊಗೆಯ ಕೊಳವೆಯಲ್ಲಿ ಹಿಂದಿರುಗುವ ಒತ್ತಡದ ಅಲೆ ಓಡಿಹೋಗುತ್ತಿದ್ದ ಮಿಶ್ರಣವನ್ನು ಮತ್ತೆ ಸಿಲಿಂಡರ್‌ಗೆ ತಳ್ಳಬೇಕು, ಮತ್ತು ಈ ಹೊಂದಾಣಿಕೆ ಒಂದು ಕಿರಿದಾದ ಸುತ್ತಿನ ವ್ಯಾಪ್ತಿಯಲ್ಲಿ ಮಾತ್ರ ಚೆನ್ನಾಗಿ ಕೂಡಿಬರುತ್ತದೆ. ಅದಕ್ಕಿಂತ ಕೆಳಗೆ ಎಂಜಿನ್ ಸಪ್ಪೆ. ದೊಡ್ಡ ವಿ8 ಫೋರ್-ಸ್ಟ್ರೋಕ್‌ಗೆ ಆ ತೊಂದರೆಯಿಲ್ಲ. 3000ದಿಂದ 4500ರ ನಡುವಿನ ಸುತ್ತಿನಲ್ಲಿ, ಅಂದರೆ ದೋಣಿ ನಿಜವಾಗಿ ದಿನದ ಬಹುಪಾಲು ಓಡುವ ವ್ಯಾಪ್ತಿಯಲ್ಲಿ, ಅದು ತುಂಬು ಬಲ ಕೊಡುತ್ತದೆ. ನಾಲ್ಕು ಜನ, ತುಂಬಿದ ಟ್ಯಾಂಕ್ ಇದ್ದರೂ ದೋಣಿ ಎದ್ದು ನಿಲ್ಲುತ್ತದೆ. ಇಬ್ಬರೇ ಇರುವ ಹಗುರ ದೋಣಿಯ ಮೊದಲ ಐವತ್ತು ಮೀಟರ್‌ನಲ್ಲಿ ಟೂ-ಸ್ಟ್ರೋಕ್ ಮುಂದೆ, ಹೊರೆ ಹೊತ್ತ ದೋಣಿಯ ಇಡೀ ದಿನದಲ್ಲಿ ಫೋರ್-ಸ್ಟ್ರೋಕ್ ಮುಂದೆ ಎಂಬುದು ನನ್ನ ತೀರ್ಮಾನ.

ಇಂಧನದ ಲೆಕ್ಕ ಬೇಗ ಮುಗಿಸಬಹುದು. ಪೂರ್ತಿ ಥ್ರಾಟಲ್‌ನಲ್ಲಿ 300 ಅಶ್ವಶಕ್ತಿಯ ಯಾವ ಎಂಜಿನ್ ಆದರೂ ಗಂಟೆಗೆ ನೂರು ಲೀಟರ್ ಆಸುಪಾಸು ಕುಡಿಯುತ್ತದೆ; ನೇರ ಸಿಂಪಡಣೆಯ ಟೂ-ಸ್ಟ್ರೋಕ್‌ಗೂ ಫೋರ್-ಸ್ಟ್ರೋಕ್‌ಗೂ ಅಲ್ಲಿ ದೊಡ್ಡ ಅಂತರವಿಲ್ಲ. ನಿಧಾನದ ಓಟದಲ್ಲಿ ಕಾರ್ಬ್ಯುರೇಟರ್‌ನ ಹಳೆಯ ಎಂಜಿನ್ ಇವೆರಡರ ಎದುರು ನಿಲ್ಲಲಾರದು.

ಕೆಡುವ ರೀತಿಯಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ಜೀವಿಗಳು. ಟೂ-ಸ್ಟ್ರೋಕ್‌ನಲ್ಲಿ ಎಣ್ಣೆ ಬರುವುದು ಇಂಧನದ ಜೊತೆಗೋ ಸಣ್ಣ ಪಂಪ್‌ನಿಂದಲೋ, ಬಂದದ್ದು ಉರಿದುಹೋಗುತ್ತದೆ. ಒಂದು ಕಾರ್ಬ್ಯುರೇಟರ್‌ನ ಜೆಟ್‌ನಲ್ಲಿ ಕಸ ಸಿಕ್ಕಿಕೊಂಡರೆ ಆ ಸಿಲಿಂಡರ್‌ಗೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರೊಂದಿಗೆ ತಂಪೂ, ಪೆಟ್ರೋಲ್‌ನಲ್ಲೇ ಎಣ್ಣೆ ಬೆರೆಸಿದ್ದರೆ ಜಾರುಗುಣವೂ ಕಡಿಮೆಯಾಗುತ್ತದೆ. ಪೂರ್ತಿ ವೇಗದಲ್ಲಿ ಪಿಸ್ಟನ್ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಹಳೆಯ ವಿ6ಗಳ ಚಾಲಕರು ಪೂರ್ತಿ ವೇಗದಿಂದ ಥ್ರಾಟಲ್ ಅನ್ನು ತಟ್ಟನೆ ಮುಚ್ಚದೆ ಮೆಲ್ಲಗೆ ಇಳಿಸುತ್ತಿದ್ದದ್ದು ಇದಕ್ಕಾಗಿಯೇ. ಮುಚ್ಚಿದ ಥ್ರಾಟಲ್, ಹೆಚ್ಚು ಸುತ್ತು ಎಂದರೆ ಎಣ್ಣೆಯಿಲ್ಲದ ಓಟ. ಫೋರ್-ಸ್ಟ್ರೋಕ್‌ಗೆ ಕಾರಿನಂತೆ ಎಣ್ಣೆಯ ತೊಟ್ಟಿ, ಫಿಲ್ಟರ್, ಪಂಪ್ ಇವೆ. ಅದರ ಕಾಯಿಲೆಗಳು ನಿಧಾನವಾಗಿ ಬರುತ್ತವೆ. ಸದಾ ತಣ್ಣಗೆ, ಕಡಿಮೆ ಸುತ್ತಿನಲ್ಲೇ ಓಡಿಸಿದರೆ ಪೆಟ್ರೋಲ್ ಎಣ್ಣೆಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಕಡ್ಡಿ ಎಳೆದು ನೋಡಿದಾಗ ಎಣ್ಣೆಯ ಮಟ್ಟ ಏರಿದ್ದರೆ ಸಂತೋಷಪಡಬಾರದು, ಮೂಸಿ ನೋಡಬೇಕು. ಅಲೆಯಿಂದ ಹಾರಿದ ದೋಣಿಯ ಪ್ರೊಪೆಲ್ಲರ್ ಗಾಳಿಯಲ್ಲಿ ತಿರುಗಿ ಸುತ್ತು ಹುಚ್ಚೆದ್ದು ಏರಿದಾಗ ಕ್ಯಾಮ್‌ಶಾಫ್ಟ್‌ನಿಂದ ಓಡುವ ವಾಲ್ವ್‌ಗಳಿಲ್ಲದ ಟೂ-ಸ್ಟ್ರೋಕ್ ಹೆಚ್ಚು ತಾಳಿಕೊಳ್ಳುತ್ತದೆ. ಫೋರ್-ಸ್ಟ್ರೋಕ್ ಅನ್ನು ಕಾಯುವುದು ಅದರ ಸುತ್ತಿನ ಮಿತಿಯ ಎಲೆಕ್ಟ್ರಾನಿಕ್ ಕಾವಲು.

ದುರಸ್ತಿಯ ವಿಚಾರದಲ್ಲಿ ನನ್ನ ಒಲವು ಹಳೆಯ ಟೂ-ಸ್ಟ್ರೋಕ್ ಕಡೆಗೇ ಇದೆ. ಸಿಲಿಂಡರ್ ಹೆಡ್ ಬಿಚ್ಚಿ, ಪಿಸ್ಟನ್ ಬದಲಿಸಿ, ಕ್ರ್ಯಾಂಕ್‌ಕೇಸ್‌ಗೆ ಗಾಳಿ ಬಿಡುವ ತೆಳು ಎಲೆಯಂಥ ರೀಡ್ ವಾಲ್ವ್ ನೋಡಿ, ವಾರಾಂತ್ಯದೊಳಗೆ ಮತ್ತೆ ನೀರಿಗಿಳಿಸಬಲ್ಲ ಯಂತ್ರ ಅದು. ಪರಿಣತ ಮೆಕ್ಯಾನಿಕ್‌ನ ಕೈಗೂ ಕಿವಿಗೂ ಅದರಲ್ಲಿ ಬೆಲೆಯಿತ್ತು. ಇಂದಿನ ವಿ8 ಮುಂದೆ ಅದೇ ಮೆಕ್ಯಾನಿಕ್ ಕಂಪ್ಯೂಟರ್ ಇಲ್ಲದೆ ಹೆಚ್ಚೇನೂ ಮಾಡಲಾರ. ಇದು ಸಣ್ಣ ನಷ್ಟವಲ್ಲ.

ಸ್ಪರ್ಧೆಯ ಲೋಕದಲ್ಲಿ ಟೂ-ಸ್ಟ್ರೋಕ್ ಕೊನೆಯವರೆಗೂ ಕಾಲೂರಿ ನಿಂತಿತು. ಎಫ್1 ಪವರ್‌ಬೋಟ್ ವಿಶ್ವ ಚಾಂಪಿಯನ್‌ಷಿಪ್‌ನ ದೋಣಿ 2.5 ಲೀಟರ್ ವಿ6 ಟೂ-ಸ್ಟ್ರೋಕ್‌ನಿಂದ ಸುಮಾರು 400 ಅಶ್ವಶಕ್ತಿ ಹಿಂಡುತ್ತಿತ್ತು, ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುತ್ತಿತ್ತು. ಎಂಜಿನ್ ಸೇರಿ ದೋಣಿಯ ತೂಕ 390 ಕೆ.ಜಿ., ಎಂಜಿನ್ ಒಂದೇ 118 ಕೆ.ಜಿ. ಇಂಥ ದೋಣಿಯಲ್ಲಿ ಮೇಲೆ ಹೇಳಿದ ಲೆಕ್ಕ ತಲೆಕೆಳಗಾಗುತ್ತದೆ, 25 ಕೆ.ಜಿ. ಹೆಚ್ಚಿದರೆ ಒಟ್ಟು ತೂಕ ಶೇ 6ಕ್ಕಿಂತ ಹೆಚ್ಚು ಏರುತ್ತದೆ. ಹಾಗಾಗಿ ಮರ್ಕ್ಯುರಿ ರೇಸಿಂಗ್ ಟನಲ್ ದೋಣಿಗಳಿಗೆಂದೇ (ಎರಡು ತಳಗಳ ನಡುವೆ ಗಾಳಿ ಹಾಯುವ ಇಂಥ ರೇಸ್ ದೋಣಿಗಳಿಗೆ) 4.6 ಲೀಟರ್ ವಿ8ರ 360 ಎಪಿಎಕ್ಸ್ ಎಂಬ ಫೋರ್-ಸ್ಟ್ರೋಕ್ ತಂದಾಗ, ಅದನ್ನು ಹಳೆಯ ದೋಣಿಗೆ ಹಾಗೆಯೇ ನೇತುಹಾಕುವಂತಿರಲಿಲ್ಲ. ತಳದ ವಿನ್ಯಾಸವನ್ನು, ತೂಕದ ಹಂಚಿಕೆಯನ್ನು ಹೊಸದಾಗಿ ಯೋಚಿಸಬೇಕಾಯಿತು. ಹವ್ಯಾಸಿ ದೋಣಿಗಾರ ಬ್ಯಾಟರಿ ಸರಿಸಿ ಮಾಡುವ ಕೆಲಸವನ್ನೇ ರೇಸ್ ತಂಡಗಳು ದೊಡ್ಡ ಪ್ರಮಾಣದಲ್ಲಿ ಮಾಡುತ್ತವೆ.

ಹಳೆಯ 2.5 ಅಥವಾ 3 ಲೀಟರ್ ಟೂ-ಸ್ಟ್ರೋಕ್ ಹೊತ್ತ, ಐದು ಮೀಟರ್ ಆಸುಪಾಸಿನ ಹಗುರ ದೋಣಿ ಇರುವವರಿಗೆ ನಾನು ಹೇಳುವುದು ಇಷ್ಟು. ಎಂಜಿನ್ ಗಟ್ಟಿಯಾಗಿದ್ದು, ನಿಮ್ಮ ನೀರಿನಲ್ಲಿ ಅದಕ್ಕೆ ಅನುಮತಿ ಇದ್ದರೆ ಓಡಿಸಿ; ಕಾರ್ಬ್ಯುರೇಟರ್‌ನದಾಗಿದ್ದರೆ ಅದು ನೀರಿಗೆ ಸುರಿಯುವುದೇನೆಂದು ತಿಳಿದು ಓಡಿಸಿ. ಬದಲಿಸುವುದೇ ಆದರೆ ಹೊಸ ಎಂಜಿನ್‌ನ ಬೆಲೆಯ ಜೊತೆಗೆ ಪ್ರೊಪೆಲ್ಲರ್, ಎತ್ತರ ಹೊಂದಿಸುವ ಜ್ಯಾಕ್ ಪ್ಲೇಟ್, ಹೈಡ್ರಾಲಿಕ್ ಸ್ಟೀರಿಂಗ್, ಬ್ಯಾಟರಿ ಸ್ಥಳಾಂತರ ಇಷ್ಟಕ್ಕೂ ಹಣ ತೆಗೆದಿಡಿ. ದೋಣಿ ತಯಾರಕರು ಹಿಂಬದಿಯ ಹಲಗೆಯ ಬಳಿ ಹಚ್ಚಿದ ಫಲಕದಲ್ಲಿ ಗರಿಷ್ಠ ಶಕ್ತಿ ಇದೆಯೇ, ಎಂಜಿನ್‌ನ ತೂಕದ ಮಿತಿ ಇದೆಯೇ ಎಂದು ಓದಿ. ಹಲಗೆಯ ಒಳಗಿನ ಮರ ಕೊಳೆತಿದೆಯೇ ಎಂದು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ; ಟೊಳ್ಳು ಸದ್ದು ಬಂದರೆ ಎಂಜಿನ್‌ನ ಮಾತು ಆಮೇಲೆ. ಬಳಸಿದ ಟೂ-ಸ್ಟ್ರೋಕ್ ಕೊಳ್ಳುವುದಾದರೆ ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಅಳೆಸಿ. ಅವುಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರವಿದ್ದರೆ ಮಾರುವವರು ಏನೇ ಹೇಳಲಿ, ಆ ಎಂಜಿನ್ ಬಿಚ್ಚಬೇಕಾದದ್ದು ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ.